ಮರ್ಯಾದೆ ಪ್ರತಿ

ಗೌಡರ ಮೇಜಿನ ಮೇಲಿದ್ದ ಪೆನ್ಸಿಲ್ಲಿಗೆ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ನಾನಿದ್ದ ನಾಲ್ಕು ವರ್ಷಗಳಲ್ಲಿ ಅವರು ಕೆಂಪು ತುದಿಯನ್ನು ಒಂದು ಸಲವೂ ಚೂಪು ಮಾಡಲಿಲ್ಲ. ನೀಲಿ ಕಡೆ ಸವೆದು ಸವೆದು ಬೆರಳಿಗೆ ಸಿಗದಂತಾದಾಗ ಉಳಿದ ಕೆಂಪು ತುಂಡನ್ನು ಡ್ರಾಯರಿಗೆ ಹಾಕಿ ಹೊಸ ಪೆನ್ಸಿಲ್ ತೆಗೆಯುತ್ತಿದ್ದರು. ಕೊನೆಗೆ ಅಲ್ಲಿ ಅಂಥ ಹನ್ನೊಂದು ತುಂಡುಗಳಿದ್ದವು.

ಗೌಡರೆಂದರೆ ವಕೀಲ ಮುನಿವೆಂಕಟೇಗೌಡರು. ಬಾಶೆಟ್ಟಿಹಳ್ಳಿಯಲ್ಲಿ ಹೊಲ ಗದ್ದೆ, ದೊಡ್ಡಬಳ್ಳಾಪುರದ ಪೇಟೆಯಲ್ಲಿ ಆಫೀಸು, ಮೈಸೂರಿನಲ್ಲಿ ವರ್ಷಕ್ಕೆರಡು ಸಲ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ಒಂದು ಕುರ್ಚಿ. ಊರವರ ಬಾಯಲ್ಲಿ ಮೆಂಬರು ಗೌಡ್ರು. ಜನರ ಅಹವಾಲುಗಳನ್ನು ಕೇಳಿ ಸರ್ಕಾರಕ್ಕೆ ಅರ್ಜಿಗಳನ್ನು ಬರೆಯುವುದು ನನ್ನ ಕೆಲಸ. ಅದಕ್ಕಾಗಿ ಜಾನಕಮ್ಮನಾಗಿದ್ದ ನಾನು ಎಲ್ಲರಿಗೂ ರೈಟ್ರಮ್ಮ ಆದೆ. ಬಿ.ಎ. ಮುಗಿಸಿ ಬಂದ ವರ್ಷವೇ ಸೇರಿದೆ, ಇಪ್ಪತ್ತಾರಕ್ಕೆ ಬಿಟ್ಟೆ. ಆ ವಯಸ್ಸಿಗೆ ನಿವೃತ್ತಿ ಎನ್ನುತ್ತಾರೆಯೇ ಎಂದು ನಗುವವರು ನಗಲಿ. ಇನ್ನೆಂದೂ ಆ ಕೆಲಸಕ್ಕೆ ಹೋಗುವುದಿಲ್ಲ ಎಂದ ಮೇಲೆ ನನಗೆ ಬೇರೆ ಮಾತು ಗೊತ್ತಿಲ್ಲ.

ಈಗ ಜವಾಬ್ದಾರಿ ಸರ್ಕಾರ ಬಂದಿದೆ. ಮಂತ್ರಿಗಳ, ಸದಸ್ಯರ ಕಚೇರಿಗಳಿಗೆ ಓದಿದ ಹೆಣ್ಣುಮಕ್ಕಳು ಬೇಕಾಗಿದ್ದಾರೆ. ಹೋದ ತಿಂಗಳು ಇಬ್ಬರು ನನ್ನನ್ನು ಹುಡುಕಿಕೊಂಡು ಬಂದು, “ಆ ಕೆಲಸ ಹೇಗಿರುತ್ತೆ ಅಕ್ಕಾ?” ಎಂದು ಕೇಳಿದರು. ಬಾಯಲ್ಲಿ ಹೇಳುವುದು ನನಗೆ ಬಾರದು. ಬರೆದುಕೊಡುತ್ತೇನೆ ಎಂದೆ. ನನ್ನ ಮನೆ, ನನ್ನ ಮದುವೆ ಇವು ಇದರಲ್ಲಿ ಇಲ್ಲ. ಸಿಟ್ಟು ಇದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸೇರಿದ ವಾರವೇ ಒಂದು ಕೆರೆಯ ತೂಬಿನ ವಿಷಯವಾಗಿ ಅರ್ಜಿ ಬರೆಯಬೇಕಾಯಿತು. ತೂಬು ಒಡೆದು ಎರಡು ವರ್ಷವಾಗಿತ್ತು, ಗದ್ದೆಗಳು ಬೀಳು ಬಿದ್ದಿದ್ದವು. ನಾನು ಉತ್ಸಾಹದಿಂದ ‘ಅಧಿಕಾರಿಗಳು ಕಿವುಡರಾಗಿದ್ದಾರೆ’ ಎಂದು ಬರೆದೆ. ಗೌಡರು ಆ ಸಾಲಿನ ಮೇಲೆ ನೀಲಿ ಗೆರೆ ಎಳೆದರು.

“ಕಿವುಡ ಅಂತ ಕರೆದ್ರೆ ಅವ್ರು ನಿಮ್ಮ ಕಾಗದ ಓದ್ತಾರೇನಮ್ಮ?”

“ಸತ್ಯ ತಾನೇ ಸಾರ್.”

“ಸತ್ಯವೇ. ನಿಮ್ಗೆ ತೂಬು ಬೇಕೋ, ಬೈದ ಸಂತೋಷ ಬೇಕೋ? ಎರಡೂ ಸಿಗಲ್ಲ. ಒಂದು ಆರಿಸ್ಕೊಳ್ಳಿ.”

ನಾನು ತೂಬನ್ನು ಆರಿಸಿಕೊಂಡೆ. ಆ ಮಳೆಗಾಲಕ್ಕೆ ಮುಂಚೆ ತೂಬು ದುರಸ್ತಿಯೂ ಆಯಿತು. ಆಮೇಲೆ ನಾಲ್ಕು ವರ್ಷ ನಾನು ಬರೆದ ಯಾವ ಕಾಗದದಲ್ಲೂ ಯಾರನ್ನೂ ಬೈಯಲಿಲ್ಲ. ‘ಘನ ಸರ್ಕಾರದ ಗಮನಕ್ಕೆ ತರಬಯಸುತ್ತೇವೆ’, ‘ಪರಿಶೀಲಿಸಬೇಕೆಂದು ಕೋರುತ್ತೇವೆ’. ಇವು ನನ್ನ ಕೈಗೆ ಎಷ್ಟು ಒಗ್ಗಿಹೋದವೆಂದರೆ, ತಂಗಿಗೆ ಬರೆದ ಕಾಗದದಲ್ಲೂ ಒಮ್ಮೆ ಕೋರಿಬಿಟ್ಟೆ.

ಗೌಡರನ್ನು ಕೆಟ್ಟವರೆಂದು ತೋರಿಸಿದರೆ ನಿಮಗೆ ಉಪಯೋಗವಿಲ್ಲ, ಕೆಟ್ಟವರನ್ನು ಗುರುತಿಸುವುದು ಸುಲಭ. ಅವರು ಯಾರ ಹಣವನ್ನೂ ಮುಟ್ಟಲಿಲ್ಲ. ಆಫೀಸಿಗೆ ಬಂದ ಯಾರನ್ನೂ, ಯಾವ ಜಾತಿಯವರನ್ನೂ, ನೆಲದ ಮೇಲೆ ಕೂರಿಸಲಿಲ್ಲ. ಬೆಂಚು ಸಾಲದಿದ್ದರೆ ತಾವೇ ಎದ್ದು ನಿಲ್ಲುತ್ತಿದ್ದರು. ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಕ್ಕೆ ಪೇಟೆಯಲ್ಲಿ ಗುಸುಗುಸು ಆದಾಗ ಆಫೀಸಿನ ಎರಡು ಬಾಗಿಲನ್ನೂ ಬೀದಿಗೆ ಕಾಣುವಂತೆ ತೆರೆದಿಡಿಸಿದರು, ಅಷ್ಟೇ. ಆ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಚಳವಳಿಯ ಹುಡುಗರು ರಸ್ತೆಯಲ್ಲಿ ಅಡ್ಡಹಾಕಿ, “ಏನ್ ಗೌಡ್ರೇ, ಇವತ್ತೂ ಅರ್ಜೀನಾ? ಬ್ರಿಟಿಷ್ರು ಹೋಗೋಕೂ ಒಂದು ಅರ್ಜಿ ಹಾಕ್ಬಿಡಿ!” ಎಂದು ಕೂಗಿದರೆ, “ಹಾಕೋಣ ಕಣ್ರಪ್ಪಾ, ರುಜು ಮಾಡೋಕೆ ನೀವು ಜೈಲಿಂದ ಹೊರಗಿದ್ರೆ ಸರಿ” ಎನ್ನುತ್ತಿದ್ದರು. ಅದೇ ಹುಡುಗರನ್ನು ಹಿಡಿದಾಗ ಜಾಮೀನಿಗೆ ಹೋದವರೂ ಅವರೇ. ಹುಡುಗರಿಗೆ ಅವರು ಸರ್ಕಾರದ ಮನುಷ್ಯ, ಸರ್ಕಾರಕ್ಕೆ ಹುಡುಗರ ಮನುಷ್ಯ. ಎರಡೂ ಕಡೆಯವರೂ ಬೈದರೆ ನಾವು ನಿಂತ ಜಾಗ ಸರಿಯಾಗಿದೆ ಎಂದು ಅವರ ನಂಬಿಕೆ. ನಾನೂ ಬಹಳ ದಿನ ಅದನ್ನು ನಂಬಿದ್ದೆ. ಎರಡು ಕಡೆಯವರೂ ಬೈಯುವುದಕ್ಕೆ ಬೇರೆ ಕಾರಣ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅವರ ನೀತಿಗೆಲ್ಲ ತಳಪಾಯವಾಗಿದ್ದದ್ದು ಒಂದು ಪದ್ಧತಿ. ಯಾವ ಅರ್ಜಿ ಬರೆದರೂ ನಾನು ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ತೆಗೆಯಬೇಕು. ಒಂದು ಮೇಲಧಿಕಾರಿಗೆ, ಒಂದು ನಮ್ಮ ಕಪಾಟಿಗೆ. ಮೂರನೆಯದು, ಅರ್ಜಿ ಯಾರ ಮೇಲೆ ದೂರುತ್ತದೆಯೋ ಆ ಅಧಿಕಾರಿಗೇ. ಅದನ್ನು ಆಫೀಸಿನಲ್ಲಿ ‘ಮರ್ಯಾದೆ ಪ್ರತಿ’ ಎನ್ನುತ್ತಿದ್ದೆವು. ಕಾಗದ ಮೇಲಕ್ಕೆ ಹೋಗುವ ಮುಂಚೆ ಆ ಅಧಿಕಾರಿಯನ್ನು ಕಾಫಿಗೆ ಕರೆದು, ಜಗಲಿಯ ಮೇಲೆ ಕೂರಿಸಿ, ಅವನೆದುರಿಗೇ ಪೂರ್ತಿ ಓದಿ ಹೇಳಿ, ಪ್ರತಿಯನ್ನು ಕೈಗೆ ಕೊಡುವುದು. “ಬೆನ್ನ ಹಿಂದೆ ಚಾಡಿ ಹೇಳೋದು ಹೇಡಿ ಕೆಲಸ. ಮುಖ ನೋಡಿ ಹೇಳಿದ್ರೆ ಮನುಷ್ಯ ನಾಚ್ಕೋತಾನೆ, ಅರ್ಧ ಕೆಲಸ ಅಲ್ಲೇ ಆಗುತ್ತೆ” ಎನ್ನುತ್ತಿದ್ದರು.

ಎಷ್ಟೋ ಸಲ ಆಯಿತು ಕೂಡ. ಯುದ್ಧಕಾಲದಲ್ಲಿ ಸರ್ಕಾರಕ್ಕೆ ರಾಗಿ ವಸೂಲು ಮಾಡುವ ಲೆವಿಯ ಜನ ಜಡಿಗೇನಹಳ್ಳಿಗೆ ಬಂದಾಗ ನಾನೇ ಕಣ್ಣಾರೆ ಕಂಡೆ. ಗೌಡರ ತಂಗಿಯನ್ನು ಕೊಟ್ಟ ಊರು ಅದು. ಮನೆಮನೆಯ ಹಗೇವು ತೆಗೆಸಿ, ನೆಲದೊಳಗೆ ಇಟ್ಟ ರಾಗಿಯನ್ನೆಲ್ಲ ಬಾಚುತ್ತಾರೆಂದು ಗಂಡಸರು ದೊಣ್ಣೆ ಹಿಡಿದು ನಿಂತಿದ್ದರು. ಗೌಡರು ಮಧ್ಯೆ ಹೋಗಿ ಲೆವಿ ಅಧಿಕಾರಿಗೆ ಮಜ್ಜಿಗೆ ಕೊಡಿಸಿದರು. ಅರ್ಜಿಯನ್ನು ಅವನಿಗೇ ಓದಿಸಿದರು. ಆಮೇಲೆ ಊರವರ ಕಡೆ ತಿರುಗಿ, “ಹಗೇವು ನೀವೇ ತೆಗೀರಪ್ಪಾ, ಅವ್ರ ಕೈಲಿ ತೆಗೆಸ್ಬೇಡಿ. ಬಿತ್ತನೆಗೆ, ಮುಂದಿನ ಸುಗ್ಗಿವರ್ಗೂ ಉಣ್ಣೋಕೆ ಎಷ್ಟು ಅಂತ ಅವ್ರೆದುರ್ಗೇ ಅಳೀರಿ. ಮಿಕ್ಕಿದ್ದು ಅವ್ರದು” ಎಂದರು. ಅಳೆದರು. ಅಧಿಕಾರಿ ತಲೆ ತಗ್ಗಿಸಿ ಬರೆದುಕೊಂಡ. ಒಂದು ದೊಣ್ಣೆಯೂ ಮೇಲೇಳಲಿಲ್ಲ, ಯಾರ ಮನೆಯೂ ಬರಿದಾಗಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ, ಇಂಥವರ ಬಳಿ ಕೆಲಸ ಮಾಡುತ್ತಿದ್ದೇನೆ ಎಂದು ನನಗೆ ಹೆಮ್ಮೆಯಾಗಿತ್ತು. ಒಂದು ಪದ್ಧತಿ ಒಮ್ಮೆ ಚೆನ್ನಾಗಿ ನಡೆದರೆ ಅದನ್ನು ಪ್ರಶ್ನಿಸುವುದು ಕಷ್ಟ. ನಾನು ಪ್ರಶ್ನಿಸಲಿಲ್ಲ.

ಈಗ ಚೌಡಮ್ಮನ ವಿಷಯ.

ದೊಡ್ಡಬಳ್ಳಾಪುರದ ನೇಕಾರರಿಗೆ ಆಗ ನೂಲು ಚೀಟಿಯ ಮೇಲೆ ಸಿಗುತ್ತಿತ್ತು. ಮಗ್ಗಕ್ಕೊಂದು ನಂಬರು, ನಂಬರಿಗೊಂದು ಚೀಟಿ. ಓಡುತ್ತಿರುವ ಮಗ್ಗಕ್ಕೆ ಮಾತ್ರ ನೂಲು. ಅದನ್ನು ನೋಡಿಕೊಳ್ಳಲು ಹಂಚಿಕೆಯ ಅಧಿಕಾರಿಯೊಬ್ಬನನ್ನು ಹಾಕಿದ್ದರು. ಅವನು ತಪಾಸಣೆಗೆ ಆರಿಸಿಕೊಂಡ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮೂರಿನಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ. ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ ಸುಮ್ಮನೆ ಬಿಡುತ್ತಾರೆ. ಬೀದಿಯಲ್ಲಿ ಅಷ್ಟು ನಿಶ್ಶಬ್ದ ಮತ್ತೆ ಯಾವತ್ತೂ ಇರುವುದಿಲ್ಲ. ಈ ಊರಿನಲ್ಲಿ ಒಂದು ತಿಂಗಳು ಇದ್ದವರಿಗೂ ಗೊತ್ತಿರುವ ವಿಷಯ. ಅವನು ಮನೆಮನೆಗೆ ಹೋಗಿ ‘ಮಗ್ಗ ನಿಂತಿದೆ’ ಎಂದು ಬರೆದುಕೊಂಡು ನಲವತ್ತೆರಡು ಮನೆಯ ಚೀಟಿ ರದ್ದು ಮಾಡಿದ.

ಚೌಡಮ್ಮ ಅವರಲ್ಲಿ ಒಬ್ಬಳು. ಗಂಡ ತೀರಿಕೊಂಡು ಎರಡು ವರ್ಷ. ಹೆಂಗಸರು ಲಾಳಿಯ ಕಂಡಿಕೆಗೆ ನೂಲು ಸುತ್ತುವುದು, ಗಂಡಸರು ನೇಯುವುದು ರೂಢಿ. ಅವಳು ರೂಢಿಯನ್ನು ಬಿಟ್ಟು ತಾನೇ ಮಗ್ಗದ ಗುಂಡಿಗೆ ಇಳಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಅವಳ ಬಳಿ ಇನ್ನಾರೂ ಕಣ್ಣಾರೆ ಕಾಣದ ಒಂದು ವಿಷಯವಿತ್ತು. ಒಂದು ಮುಂಜಾನೆ ನೀರಿಗೆ ಹೋದಾಗ, ಹಂಚಿಕೆಯ ಉಗ್ರಾಣದ ಹಿಂಬಾಗಿಲಲ್ಲಿ ಮೊಹರು ಒಡೆಯದ ನೂಲಿನ ಬೇಲುಗಳನ್ನು ಒಬ್ಬ ವ್ಯಾಪಾರಿಯ ಗಾಡಿಗೆ ಏರಿಸುತ್ತಿದ್ದುದನ್ನು ಕಂಡಿದ್ದಳು. ಪಕ್ಕದಲ್ಲಿ ಅದೇ ಅಧಿಕಾರಿ ನಿಂತಿದ್ದ. ರದ್ದಾದ ಚೀಟಿಗಳ ನೂಲು ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಅವಳೊಬ್ಬಳೇ ಸಾಕ್ಷಿ.

“ಏಳೋದು ಏಳ್ಬಿಟ್ಟೆ ರೈಟ್ರಮ್ಮ,” ಎಂದಳು. “ನನ್ ಎಸ್ರು ಮಾತ್ರ ಆಕ್ಬ್ಯಾಡಿ. ಗಂಡಸಿಲ್ದಿರೋ ಮನೆ.”

ಹೆಸರಿಲ್ಲದ ದೂರು ಬರೀ ಗಾಳಿಸುದ್ದಿಯಾಗುತ್ತದೆ ಎಂದು ನಾನು ವಿವರಿಸಿದೆ. ಕಾಗದ ಬೆಂಗಳೂರಿನ ಡೆಪ್ಯುಟಿ ಕಮಿಷನರಿಗೆ ಹೋಗುತ್ತದೆ, ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದೆ. ಹಾಗೆ ಹೇಳುವಾಗ ಮೂರನೆಯ ಪ್ರತಿ ನನಗೆ ನೆನಪಾಗಲಿಲ್ಲ. ಅದು ನನಗೆ ಉಸಿರಾಡುವಷ್ಟು ಸಹಜವಾಗಿಬಿಟ್ಟಿತ್ತು. ಅವಳು ಯೋಚಿಸಿ, ಹೆಬ್ಬೆಟ್ಟು ಒತ್ತಿದಳು. ನಾನು ಅದರ ಪಕ್ಕದಲ್ಲಿ ಹೆಸರು, ಬೀದಿ, ಮಗ್ಗದ ನಂಬರು, ಕಂಡ ಹೊತ್ತು ಎಲ್ಲವನ್ನೂ ಬರೆದೆ. ನಾನು ಬರೆದ ಅರ್ಜಿಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ಗೌಡರು ಓದಿ, ಮೂರು ಮಾತುಗಳಿಗೆ ನೀಲಿ ಗೆರೆ ಎಳೆದು, ಅಧಿಕಾರಿಯನ್ನು ಸೋಮವಾರ ಕಾಫಿಗೆ ಕರೆದರು. ಮೂರನೆಯ ಪ್ರತಿ ನನಗೆ ನೆನಪಾದದ್ದು ಆಗ. “ಸಾರ್, ಇದರಲ್ಲಿ ಸಾಕ್ಷಿಯ ಹೆಸರಿದೆ” ಎಂದೆ.

“ಇರ್ಲಿ. ಅವನ ಮೇಲೆ ಕಳ್ಳತನದ ಮಾತು ಬಂದಿದೆ. ಹೇಳಿದ್ದು ಯಾರು ಅಂತ ತಿಳ್ಕೊಳ್ಳೋ ಹಕ್ಕು ಅವನಿಗೂ ಇದೆಯಲ್ವೇನಮ್ಮ?”

ಕೋರ್ಟಿನಲ್ಲಿ ಅದು ಸರಿ. ಜಗಲಿಯ ಮೇಲೆ ಅಲ್ಲ. ಈ ಉತ್ತರ ನನಗೆ ಹೊಳೆದದ್ದು ವಾರದ ಮೇಲೆ.

ಅಧಿಕಾರಿ ಬಂದ. ಕಾಫಿ ಬಂತು. ನಾನು ನಿಂತುಕೊಂಡು ಓದಿದೆ. ಚೌಡಮ್ಮನ ಸಾಲು ಎರಡನೆಯ ಹಾಳೆಯ ನಡುವೆ ಇತ್ತು. ಅದು ಹತ್ತಿರ ಬರುವುದು ನನಗೆ ಕಾಣುತ್ತಿತ್ತು. ಬಿಟ್ಟು ಓದಬಹುದಿತ್ತು, ಹಾಳೆ ಕೆಳಗೆ ಬೀಳಿಸಬಹುದಿತ್ತು, ತಲೆ ಸುತ್ತಿತೆಂದು ಒಳಗೆ ಹೋಗಬಹುದಿತ್ತು. ನಾನು ಓದಿದೆ. ಹೆಸರು, ಬೀದಿ, ನಂಬರು, ಹೊತ್ತು. ಬರೆದದ್ದನ್ನು ಬರೆದಂತೆ ಓದುವವಳೆಂದು ನನಗೆ ಜಂಬವಿತ್ತು.

ಅಧಿಕಾರಿ ಪ್ರತಿಯನ್ನು ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡ. “ಬಹಳ ಸ್ಪಷ್ಟವಾಗಿ ಓದ್ತೀರಿ” ಎಂದ ನನಗೆ. “ಗೌಡ್ರೇ, ಇದನ್ನ ಮೇಲಕ್ಕೆ ಕಳ್ಸೋಕೆ ಏನವಸರ? ನಾಲ್ಕು ದಿನ ಕೊಡಿ, ನಾನೇ ಸರಿ ಮಾಡ್ತೀನಿ.” ಗೌಡರು ಕೊಟ್ಟರು. ಅವನು ನಾಚಿದ್ದಾನೆ ಎಂದು ಅವರಿಗೆ ಸಂತೋಷವಾಗಿತ್ತು.

ನಾಲ್ಕನೆಯ ದಿನ ಅವನ ಜವಾನರು ಚೌಡಮ್ಮನ ಮನೆಗೆ ಹೋದರು. ಮಗ್ಗ ಸತ್ತವನ ಹೆಸರಿನಲ್ಲಿದೆ, ಇದು ನಿಯಮಬಾಹಿರ ಎಂದು ಹೇಳಿ ಮಗ್ಗದ ಕಂಬಕ್ಕೂ ಹಲಗೆಗೂ ಹುರಿ ಬಿಗಿದು ಅರಗಿನ ಮೊಹರು ಹಾಕಿದರು. ಅರ್ಧ ನೇಯ್ದ ಸೀರೆ ಅದರಲ್ಲೇ ಇತ್ತು.

ಮಾರನೆಯ ದಿನ ಅವಳು ಆಫೀಸಿಗೆ ಬಂದಳು. ಬೆಂಚು ಖಾಲಿಯಿದ್ದರೂ ಕೂರಲಿಲ್ಲ.

“ಮಗ್ಗಕ್ಕೆ ಬೀಗ ಆಕ್ಬುಟ್ಟವ್ರೆ ಸ್ವಾಮಿ.”

“ಕೇಳ್ದೆ ಕಣಮ್ಮ. ತಾಳ್ಮೆ ತಗೋ. ಮೈಸೂರಿನ ದಸರಾ ಸಭೇಲಿ ನಾನೇ ಪ್ರಶ್ನೆ ಎತ್ತೀನಿ.”

“ದಸರಕ್ಕೆ ಇನ್ನೂ ಮೂರ್ ತಿಂಗ್ಳೈತೆ. ಅಲ್ಲೀಗಂಟ ಏನ್ ನೇಯ್ಲಿ? ಗಾಳೀನಾ?”

ಗೌಡರ ಉತ್ತರಕ್ಕೆ ಕಾಯದೆ ಅವಳು ನನ್ನ ಕಡೆ ತಿರುಗಿದಳು. “ಯಾರ್ ಏಳವ್ರೆ ಅಂತ ನಂಗೊತ್ತು ರೈಟ್ರಮ್ಮ. ನನ್ ಮೈದ್ನ. ಅವ್ನೊಬ್ಬನ್ ತಾವ್ಲೇ ಏಳ್ಕಂಡಿದ್ದು. ಅವ್ನ್ ಬಾಯಾಗೆ ಮಾತ್ ನಿಲ್ಲಲ್ಲ. ನಿನ್ನೆ ಅವ್ನ್ ಬಾಗ್ಲಾಗ್ ನಿಂತ್ಕಂಡು, ಇನ್ನೊಂದ್ ಸಲ ನನ್ ಒಸ್ಲು ತುಳೀಬ್ಯಾಡ ಅಂತ ಮಣ್ಣೆರಚಿ ಬಂದಿವ್ನಿ.”

ನಾನು ಗೌಡರನ್ನು ನೋಡಿದೆ. ಗೌಡರು ನನ್ನನ್ನು ನೋಡಿದರು. ಇಬ್ಬರೂ ಬಾಯಿಬಿಡಲಿಲ್ಲ. ಅವಳು ಹೋದಳು. ಇಷ್ಟು ಹೊತ್ತಿಗೆ ನಿಮಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ.

ಅಂದು ಮಧ್ಯಾಹ್ನ ಗೌಡರು ಅಧಿಕಾರಿಯ ಹತ್ತಿರ ಹೋದರು. ಸಂಜೆ ಬಂದಾಗ ಅವರ ಮುಖ ಗೆಲುವಾಗಿತ್ತು. ಪೇಟ ತೆಗೆದು ಮೊಳೆಗೆ ಹಾಕಿ, “ಆಯ್ತು ಜಾನಕಮ್ಮ” ಎಂದರು. “ನಲವತ್ತೊಂದು ಚೀಟಿ ವಾಪಸ್ ಕೊಡ್ತಾನೆ. ಈ ವಾರದಲ್ಲೇ. ಅಮಾವಾಸ್ಯೆ ತಪಾಸಣೆ ಇನ್ಮೇಲೆ ಇಲ್ಲ ಅಂತ ಬರೆದೂ ಕೊಡ್ತಾನೆ. ಆ ಗಾಡಿ ವಿಷಯ ಮಾತ್ರ ಅರ್ಜಿಯಿಂದ ತೆಗೀಬೇಕು.”

“ನಲವತ್ತೆರಡು ಸಾರ್.”

“ಆಕೆದು ಬೇರೆ. ಮಗ್ಗ ಗಂಡನ ಹೆಸರಲ್ಲಿದೆ, ಅದು ನಿಜ ತಾನೇ? ಆಮೇಲೆ ನೋಡೋಣ. ನೀವು ಆ ಪ್ಯಾರಾ ಬಿಟ್ಟು, ನಲವತ್ತೊಂದು ಹೆಸರು ಹಾಕಿ, ಹೊಸ ಪ್ರತಿ ಮಾಡಿ.”

“ಗಂಡ ಸತ್ತ ಮೇಲೆ ಎರಡು ವರ್ಷ ಅದೇ ಹೆಸರಿನ ಮೇಲೆ ಅವನೇ ನೂಲು ಕೊಟ್ಟಿದ್ದಾನೆ. ಈ ವಾರ ನಿಯಮ ನೆನಪಾಯಿತೇ?”

“ಅದೆಲ್ಲ ಗೊತ್ತಮ್ಮ ನಂಗೆ.” ಅವರು ಮೃದುವಾಗಿಯೇ ಹೇಳಿದರು. ನನಗೆ ಮೈಯೆಲ್ಲ ಉರಿದದ್ದು ಆ ಮೃದುತನಕ್ಕೆ. “ನಲವತ್ತೊಂದು ಮನೇಲಿ ಒಲೆ ಹಚ್ಚೋದು ಸಣ್ಣ ಮಾತಲ್ಲ. ಹಟ ಹಿಡಿದ್ರೆ ಅಷ್ಟೂ ಹೋಗುತ್ತೆ. ಎಲ್ಲಾನೂ ಕೇಳಿ ಏನೂ ಸಿಗದೆ ಬರೋದು ಸುಲಭ, ಆ ಹುಡುಗ್ರೂ ಮಾಡ್ತಾರೆ. ಸಿಗೋದನ್ನ ತರೋದು ನನ್ನ ಕೆಲಸ.”

“ಆಕೆಯ ಹೆಸರನ್ನು ಅವನ ಕೈಗೆ ಕೊಟ್ಟವರು ನಾವು. ಆಕೆ ಬೇಡವೆಂದು ಕೇಳಿಕೊಂಡರೂ ಕೊಟ್ಟೆವು. ಈಗ ಅದೇ ಹೆಸರನ್ನು ಹೊಡೆದು ಉಳಿದವರನ್ನು ಉಳಿಸುತ್ತೀರಿ. ಇದು ಮರ್ಯಾದೆಯೇ?”

“ಎದುರಿನವನಿಗೂ ಮರ್ಯಾದೆ ಕೊಡದೆ ಇದ್ರೆ ರಾಜಕೀಯ ಬರೀ ಬೀದಿ ಜಗಳ ಆಗುತ್ತೆ.”

“ಅವನಿಗೆ ಕಾಫಿ ಕೊಟ್ಟಿರಿ, ಕುರ್ಚಿ ಕೊಟ್ಟಿರಿ, ಪ್ರತಿ ಕೊಟ್ಟಿರಿ. ನಾಲ್ಕು ದಿನ ಟೈಮನ್ನೂ ಕೊಟ್ಟಿರಿ. ಚೌಡಮ್ಮನಿಗೆ ಏನು ಕೊಟ್ಟಿರಿ ಸಾರ್? ಮೈದುನನನ್ನು ಬೈದು ಬಂದೆ ಎಂದಳಲ್ಲ, ಆಗ ಅದು ಅವನಲ್ಲ ಎಂಬ ಒಂದು ಮಾತನ್ನಾದರೂ ಕೊಡಬಹುದಿತ್ತಲ್ಲ?”

ನನ್ನ ದನಿ ಬೀದಿಗೆ ಕೇಳಿಸಿರಬೇಕು, ಎರಡು ಬಾಗಿಲೂ ತೆರೆದಿದ್ದವು. ನಾಲ್ಕು ವರ್ಷದಲ್ಲಿ ಅವರೆದುರು ನಾನು ದನಿಯೆತ್ತಿದ್ದು ಅದೊಂದೇ ಸಲ. ಗೌಡರು, “ನೀವೂ ಕೊಡಲಿಲ್ಲವಲ್ಲಮ್ಮ” ಎಂದರು.

ನಾನು ಪೆನ್ನಿನ ಮುಚ್ಚಳ ಹಾಕಿ, ಹಳೆಯ ಅರ್ಜಿಯ ನಮ್ಮ ಕಪಾಟಿನ ಪ್ರತಿಯನ್ನು ತೆಗೆದುಕೊಂಡೆ. ಅವರು ನೋಡುತ್ತಿದ್ದರು, ತಡೆಯಲಿಲ್ಲ.

ಹೊಸ ಪ್ರತಿಯನ್ನು ಗೌಡರು ತಾವೇ ಬರೆದರಂತೆ. ನಲವತ್ತೊಂದು ಮನೆಗೂ ಚೀಟಿ ಬಂದವು. ಆ ಮನೆಗಳವರು ಇಂದಿಗೂ ಅವರನ್ನು ಹೊಗಳುತ್ತಾರೆ, ಹೊಗಳಲಿ. ಚೌಡಮ್ಮನ ಮಗ್ಗದ ಮೊಹರು ಒಡೆಯುವುದಕ್ಕೆ ಎಂಟು ತಿಂಗಳು ಬೇಕಾಯಿತು. ಬೆಂಗಳೂರಿಗೆ ಆರು ಸಲ ಹೋದೆವು. ಅಷ್ಟರಲ್ಲಿ ಅರ್ಧ ನೇಯ್ದ ಸೀರೆಯನ್ನು ಇಲಿ ಕಡಿದಿತ್ತು, ದೊಡ್ಡ ಮಗಳು ಪರರ ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತಲು ಹೋಗಿದ್ದಳು. ಅಧಿಕಾರಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಶಿಕ್ಷೆಯೆಂದು ಯಾರೂ ಹೇಳಲಿಲ್ಲ. ಅವನನ್ನು ಬೀಳ್ಕೊಡುವ ಕಾಫಿಗೆ ಗೌಡರು ಹೋಗಿದ್ದರು.

ಈ ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಯಜಮಾನರು ಸಭ್ಯರಾಗಿದ್ದರೆ ಇನ್ನೂ ಹೆಚ್ಚು ಎಚ್ಚರವಾಗಿರಿ. ರಾಜಿಯ ಮಾತು ಬಂದಾಗ, ಯಾರನ್ನು ಬಿಟ್ಟು ರಾಜಿ ಎಂದು ಕೇಳಿ. ಆ ಬಿಟ್ಟವರು ಆ ಕೋಣೆಯಲ್ಲಿ ಇದ್ದಾರೆಯೇ ಎಂದು ನೋಡಿ. ಬಹಳ ಸಲ ಇರುವುದಿಲ್ಲ. ಹೆಸರು ಗುಟ್ಟಾಗಿರುತ್ತದೆ ಎಂದು ಯಾರಿಗಾದರೂ ಹೇಳುವ ಮುಂಚೆ, ನಿಮ್ಮ ಆಫೀಸಿನ ಕಾಗದ ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನು ಕೂತು ಯೋಚಿಸಿ. ನಾನು ಯೋಚಿಸಲಿಲ್ಲ.

ಗೌಡರೊಡನೆ ಜಗಳವಾದ ಆ ಸಂಜೆಯ ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೋಗಲಿಲ್ಲ. ನೇಕಾರರ ಬೀದಿಗೆ ಹೋದೆ. ನೂಲು ಮಿಕ್ಕಿದ್ದ ಮನೆಗಳಲ್ಲಿ ಮಗ್ಗಗಳ ಸದ್ದು ಶುರುವಾಗಿತ್ತು, ಒಂದು ಮನೆಯನ್ನು ಬಿಟ್ಟು. ಚೌಡಮ್ಮ ಬಾಗಿಲಲ್ಲಿ ಸಗಣಿ ಸಾರಿಸುತ್ತಿದ್ದಳು.

“ಹೇಳಿದ್ದು ನಿಮ್ಮ ಮೈದುನ ಅಲ್ಲ” ಎಂದೆ. “ಅಧಿಕಾರಿಯ ಎದುರು ನಿಂತು ನಿಮ್ಮ ಹೆಸರು ಓದಿದವಳು ನಾನು.”

ಅವಳು ಎದ್ದು ನಿಂತಳು. ಕೈಯಿಂದ ಸಗಣಿ ನೀರು ತೊಟ್ಟಿಕ್ಕುತ್ತಿತ್ತು.

“ಓದೋವಾಗ ನಾಲ್ಗೆ ತಡೀಲಿಲ್ವಾ?”

“ಇಲ್ಲ.”

ಅವಳು ನನ್ನ ಮುಖವನ್ನು ಎವೆಯಿಕ್ಕದೆ ನೋಡಿದಳು. ನಾನೂ ಕಣ್ಣು ಕೆಳಗೆ ಮಾಡಲಿಲ್ಲ, ಮಾಡುವ ಹಕ್ಕಿರಲಿಲ್ಲ. ಚೀಲದಿಂದ ಅರ್ಜಿಯ ಪ್ರತಿಯನ್ನು ತೆಗೆದು, ಇದನ್ನು ನಾನೇ ಡೆಪ್ಯುಟಿ ಕಮಿಷನರ ಕೈಗೆ ಕೊಡುತ್ತೇನೆ, ನೀವು ಬಂದು ಕಂಡದ್ದನ್ನು ಹೇಳಿದರೆ ಬಲ ಬರುತ್ತದೆ, ಬರಲೇಬೇಕೆಂದು ಕೇಳುವ ಮುಖ ನನಗಿಲ್ಲ ಎಂದೆ.

ಅವಳು ಒಳಗೆ ಹೋದಳು. ಕೈ ತೊಳೆಯುವ ಸದ್ದು ಕೇಳಿಸಿತು. ಮತ್ತೆ ಬಂದಾಗ ಸೀರೆ ಬದಲಾಯಿಸಿದ್ದಳು.

“ಮದ್ಲು ನನ್ ಮೈದ್ನನ್ ಮನೆ ತಾವ ಬಾ,” ಎಂದಳು. ಅಲ್ಲಿಯವರೆಗೆ ನನಗೆ ನೀವು ಎನ್ನುತ್ತಿದ್ದವಳು. “ಈಗ್ ನಂಗೇಳಿದ್ದ ಅವ್ನ್ಗೂ ಏಳು. ಆಮ್ಯಾಕೆ ಬಸ್ಸು.”

ನಾನು ಅವಳ ಹಿಂದೆ ನಡೆದೆ.